ಜೀವಗ್ರಂಥದ ಜೀರ್ಣೋದ್ಧಾರ

ಓಲೆಗರಿಯ ಗ್ರಂಥಗಳನ್ನು ಪರಿಷ್ಕರಿಸಲು ಕುಳಿತವರಿಗೆಲ್ಲ ಒಂದು ತೊಡಕು ಚೆನ್ನಾಗಿ ಗೊತ್ತು. ಒಂದೆಡೆ ಹುಳು ತಿಂದು ಅಕ್ಷರ ಹಾರಿಹೋಗಿರುತ್ತದೆ; ಇನ್ನೊಂದೆಡೆ ಲಿಪಿಕಾರನು ತೂಕಡಿಸುತ್ತ ಒಂದಕ್ಕೆ ಬದಲು ಇನ್ನೊಂದನ್ನು ಬರೆದಿರುತ್ತಾನೆ. ಕೈಗೆ ಸಿಕ್ಕಿದುದು ಒಂದೇ ಪ್ರತಿಯಾದರೆ ಸಂಪಾದಕನು ಊಹೆಯನ್ನು ನೆಚ್ಚಿ ನಡೆಯಬೇಕು. ಎರಡನೆಯ ಪ್ರತಿಯೊಂದು ದೊರೆತರೆ ಆಗ ಧೈರ್ಯ ಬರುತ್ತದೆ. ಇಲ್ಲಿ ಹೋದ ಅಕ್ಷರವನ್ನು ಅಲ್ಲಿ ನೋಡಿ ತುಂಬಬಹುದು.

ನಮ್ಮ ಶರೀರದ ಹೆಚ್ಚುಕಡಮೆ ಪ್ರತಿಯೊಂದು ಜೀವಕೋಶದಲ್ಲಿಯೂ ಇಂಥ ಗ್ರಂಥವೊಂದಿದೆ, ಅದೂ ಜೋಡಿ ಪ್ರತಿಯಾಗಿ ಇದೆ. ಡಿ.ಎನ್.ಎ. ಎಂಬ ಹೆಸರನ್ನು ನೀವು ಕೇಳಿಯೇ ಇದ್ದೀರಿ. 1953ರಲ್ಲಿ ವಾಟ್ಸನ್ ಮತ್ತು ಕ್ರಿಕ್ ಎಂಬ ಇಬ್ಬರು ವಿಜ್ಞಾನಿಗಳು ಕೇಂಬ್ರಿಜ್ಜಿನಲ್ಲಿ ಅದರ ರೂಪವನ್ನು ಕಂಡುಕೊಂಡರು. ಒಂದನ್ನೊಂದು ಸುತ್ತಿಕೊಂಡ ಎರಡು ಎಳೆಗಳು. ಆ ಎಳೆಗಳ ಮೇಲೆ ನಾಲ್ಕೇ ನಾಲ್ಕು ಅಕ್ಷರಗಳು: ಅಡೆನಿನ್, ಥೈಮಿನ್, ಗ್ವಾನಿನ್, ಸೈಟೊಸಿನ್. ಒಂದು ಎಳೆಯಲ್ಲಿ ಅಡೆನಿನ್ ಇದ್ದಲ್ಲಿ ಎದುರು ಎಳೆಯಲ್ಲಿ ಥೈಮಿನ್ ಇರಲೇಬೇಕು. ಗ್ವಾನಿನ್ನಿಗೆ ಸೈಟೊಸಿನ್ ಜೊತೆ. ಆದುದರಿಂದ ಒಂದು ಎಳೆಯನ್ನು ಓದಬಲ್ಲವನು ಇನ್ನೊಂದನ್ನು ನೋಡದೆಯೇ ಬರೆದುಬಿಡಬಹುದು. ಮನುಷ್ಯನಲ್ಲಿ ಈ ಗ್ರಂಥದ ಉದ್ದ ಸುಮಾರು 300 ಕೋಟಿ ಜೋಡಿ ಅಕ್ಷರಗಳು. ತಂದೆಯಿಂದ ಬಂದುದೊಂದು, ತಾಯಿಯಿಂದ ಬಂದುದೊಂದು ಎಂದು ಕೋಶದಲ್ಲಿ ಎರಡೆರಡು ಸಂಪುಟಗಳಿರುವುದರಿಂದ ಈ ಲೆಕ್ಕವನ್ನು ಇಮ್ಮಡಿ ಮಾಡಿಕೊಳ್ಳಬೇಕು.

ಇಂಥ ಗ್ರಂಥವು ಕೆಡದೆ ಉಳಿಯುವುದೆ? ಬಹುಕಾಲ ವಿದ್ವಾಂಸರು ಅದು ಬಲು ಗಟ್ಟಿಯಾದ ವಸ್ತುವೆಂದೇ ನಂಬಿದ್ದರು. ಆ ನಂಬಿಕೆ ನಿಲ್ಲಲಿಲ್ಲ. ನೀರಿನ ಸಂಪರ್ಕದಿಂದಲೇ ಅಕ್ಷರಗಳು ಕಳಚಿ ಬೀಳುತ್ತವೆ, ಒಂದೊಂದು ಕೋಶದಲ್ಲಿ ದಿನಕ್ಕೆ ಸಾವಿರಗಟ್ಟಲೆ. ಬೀಡಿ ಸಿಗರೇಟಿನ ಹೊಗೆ ಕೆಡಿಸುತ್ತದೆ. ನಾವು ಅತಿ ಪವಿತ್ರವೆಂದು ಕೈಮುಗಿಯುವ ಸೂರ್ಯನ ಬೆಳಕೂ ಕೆಡಿಸುತ್ತದೆ! ಬೆಳಗಿನ ವಾರ್ತೆ ಕೇಳಿ, ಜಗಲಿಯ ಬಿಸಿಲಿಗೆ ಕುಳಿತು ನೀವು ಈ ಪುಟವನ್ನು ಓದುತ್ತಿದ್ದರೆ, ಈ ಕ್ಷಣದಲ್ಲಿಯೇ ನಿಮ್ಮ ತೋಳಿನ ಚರ್ಮದ ಕೋಶಗಳಲ್ಲಿ ಹಾನಿ ನಡೆದಿದೆ. ಬಿಸಿಲಿನಲ್ಲಿ ಕಣ್ಣಿಗೆ ಕಾಣದ ಅತಿನೇರಿಳೆ ಕಿರಣಗಳಿವೆಯಷ್ಟೆ. ಅವು ತಗುಲಿದಾಗ ಒಂದೇ ಎಳೆಯಲ್ಲಿ ಅಕ್ಕಪಕ್ಕದಲ್ಲಿರುವ ಎರಡು ಥೈಮಿನ್ನುಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ, ಪ್ರಕೃತಿಭಾವವಿರಬೇಕಾದ ಕಡೆ ಸಂಧಿಯಾಗಿಬಿಡುತ್ತದೆ. ಹಾಗೆ ಬೆಸೆದ ಜಾಗದಲ್ಲಿ ಗ್ರಂಥವನ್ನು ಓದುವ ಯಂತ್ರ ಮುಗ್ಗರಿಸುತ್ತದೆ. ಕೋಶವು ಸಾಯಬಹುದು, ಅಥವಾ ತಪ್ಪು ಪಾಠವನ್ನು ಮುಂದಿನ ಪ್ರತಿಗೆ ದಾಟಿಸಬಹುದು. ಇಂಥ ತಪ್ಪುಗಳು ಕೂಡಿ ಬಂದಾಗ ಹುಟ್ಟತಕ್ಕ ರೋಗಗಳಲ್ಲಿ ಕ್ಯಾನ್ಸರು ಮುಖ್ಯವಾದುದು.

ಆದರೂ ನೀವು ಜಗಲಿಯಿಂದ ಎದ್ದು ಒಳಗೆ ಹೋಗುವುದರೊಳಗಾಗಿ ರಿಪೇರಿ ಆರಂಭವಾಗಿರುತ್ತದೆ. ಆ ರಿಪೇರಿಯನ್ನು ಯಾರು ಮಾಡುತ್ತಾರೆ, ಹೇಗೆ ಮಾಡುತ್ತಾರೆ? ಈ ಪ್ರಶ್ನೆಯ ಬೆನ್ನುಹತ್ತಿ ನಾಲ್ಕು ದಶಕಕ್ಕೂ ಹೆಚ್ಚು ಕಾಲ ದುಡಿದ ವಿಜ್ಞಾನಿ ತುರ್ಕಿದೇಶದ ಅಜೀಜ್ ಸಂಜಾರ್ ಅವರು.

ತುರ್ಕಿಯ ಆಗ್ನೇಯ ಮೂಲೆಯಲ್ಲಿ, ಮಾರ್ದಿನ್ ಪ್ರಾಂತದಲ್ಲಿ, ಸಾವುರ್ ಎಂಬ ಸಣ್ಣ ಊರಿದೆ. ಸಂಜಾರ್ ಅವರು ಅಲ್ಲಿ 1946ರ ಸೆಪ್ಟೆಂಬರ್ 8ರಂದು ಜನಿಸಿದರು. ಎಂಟು ಮಕ್ಕಳಲ್ಲಿ ಏಳನೆಯವರು. ತಂದೆತಾಯಿಗಳಿಗೆ ಓದುಬರಹ ಬಾರದು. ಆದರೆ ಮಕ್ಕಳು ಓದಲೇಬೇಕೆಂಬ ಹಟ ಇಬ್ಬರಿಗೂ ಇತ್ತು. ಹುಡುಗ ಶಾಲೆಯ ತಂಡದಲ್ಲಿ ಫುಟ್‌ಬಾಲಿನ ಗೋಲಿಯೂ ಆಗಿದ್ದ. ಮುಂದೆ ಇಸ್ತಾಂಬುಲಿನ ವೈದ್ಯಕೀಯ ಕಾಲೇಜಿಗೆ ಸೇರಿ, 1969ರಲ್ಲಿ ಪದವಿ ಪಡೆದು, ತಮ್ಮ ಸೀಮೆಯ ಹಳ್ಳಿಯೊಂದರಲ್ಲಿ ವೈದ್ಯರಾಗಿ ನಿಂತರು. ಜ್ವರ, ಹೆರಿಗೆ, ಕೈಕಾಲು ಮುರಿತ, ಹೀಗೆ ಹಳ್ಳಿಯ ವೈದ್ಯನ ಪಾಡು ಎಲ್ಲ ದೇಶದಲ್ಲಿಯೂ ಒಂದೇ ತೆರನಾದುದು. ಆದರೆ ಕಾಲೇಜಿನ ಎರಡನೆಯ ವರ್ಷದಲ್ಲಿ ಕೇಳಿದ ಡಿ.ಎನ್.ಎ. ಪಾಠ ಮನಸ್ಸನ್ನು ಬಿಡಲಿಲ್ಲ. 1971ರಲ್ಲಿ ವಿದ್ಯಾರ್ಥಿವೇತನ ದೊರೆತು ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯಕ್ಕೆ ಹೋದರು. ಅಲ್ಲಿಯ ವಾಸ ಒಗ್ಗಲಿಲ್ಲ. ಊರಿಗೆ ಹಿಂದಿರುಗಿ ಪುನಃ ಹಳ್ಳಿಯ ವೈದ್ಯರಾದರು. ಮನಸ್ಸು ಮಾತ್ರ ಪ್ರಯೋಗಶಾಲೆಯಲ್ಲಿಯೇ ಇತ್ತು.

ಅವರ ಮನಸ್ಸನ್ನು ಸೆಳೆದ ಒಗಟು ಯಾವುದೆಂಬುದನ್ನು ಇಲ್ಲಿ ಹೇಳಬೇಕು. ಆಲ್ಬರ್ಟ್ ಕೆಲ್ನರ್ ಎಂಬ ಅಮೆರಿಕದ ಸಂಶೋಧಕರು ಸೂಕ್ಷ್ಮಜೀವಿಗಳಿಗೆ ಅತಿನೇರಿಳೆ ಕಿರಣವನ್ನು ಹಾಯಿಸಿ, ಅವುಗಳಲ್ಲಿ ಎಷ್ಟು ಬದುಕುತ್ತವೆಂದು ಎಣಿಸುತ್ತಿದ್ದರು. ಲೆಕ್ಕ ಒಂದು ದಿನ ಇದ್ದಂತೆ ಇನ್ನೊಂದು ದಿನ ಇರುತ್ತಿರಲಿಲ್ಲ. ಶಾಖದ ವ್ಯತ್ಯಾಸವಿರಬಹುದೆಂದು ನೋಡಿದರು, ಉತ್ತರ ದೊರೆಯಲಿಲ್ಲ. ಕಡೆಗೆ ಕಣ್ಣಿಗೆ ಬಿದ್ದುದು ಕಿಟಕಿ! ಕಿಟಕಿಯ ಬೆಳಕು ಬಿದ್ದ ಜೀವಿಗಳು ಚೇತರಿಸಿಕೊಳ್ಳುತ್ತಿದ್ದವು, ಮರೆಯಲ್ಲಿದ್ದವು ಸಾಯುತ್ತಿದ್ದವು. 1949ರಲ್ಲಿ ಈ ಸಂಗತಿ ಪ್ರಕಟವಾಯಿತು. ಕಾಣದ ಕಿರಣ ಕೊಲ್ಲುತ್ತದೆ, ಕಾಣುವ ನೀಲಿ ಬೆಳಕು ಬದುಕಿಸುತ್ತದೆ. ಎರಡೂ ಒಬ್ಬನೇ ಸೂರ್ಯನಿಂದ ಬಂದವು. ನಮ್ಮ ಹಳೆಯ ಕವಿಗಳ ಕಣ್ಣಿಗೆ ಬಿದ್ದಿದ್ದರೆ ಇದರಿಂದ ಎಷ್ಟು ಅಲಂಕಾರ ಹುಟ್ಟುತ್ತಿತ್ತೋ!

ಇದರ ಹಿಂದೆ ಒಂದು ಕಿಣ್ವವಿದೆಯೆಂದು ಕ್ಲಾಡ್ ರೂಪರ್ಟ್ ಎಂಬ ವಿಜ್ಞಾನಿಗಳು 1950ರ ದಶಕದ ಕೊನೆಯಲ್ಲಿ ತೋರಿಸಿದರು. ಕಿಣ್ವವೆಂದರೆ ತಾನು ಸವೆಯದೆ ರಾಸಾಯನಿಕ ಕ್ರಿಯೆಯನ್ನು ನಡೆಯಿಸಿಕೊಡುವ ಪ್ರೋಟೀನು. ಅನ್ನವನ್ನು ಅಗಿಯುತ್ತಿದ್ದಂತೆ ಬಾಯಿ ಸಿಹಿಯಾಗುತ್ತದಲ್ಲ, ಅದನ್ನು ಮಾಡುವುದೂ ಜೊಲ್ಲಿನಲ್ಲಿರುವ ಒಂದು ಕಿಣ್ವವೆ. ಬೆಳಕಿನಿಂದ ದುಡಿಯುವ ಈ ಕಿಣ್ವಕ್ಕೆ ಫೋಟೋಲಯೇಸ್ ಎಂದು ಹೆಸರು. ಅದನ್ನು ಹಿಡಿದು ಪರೀಕ್ಷಿಸುವುದು ಮಾತ್ರ ಬಹು ಕಷ್ಟವಾಗಿತ್ತು. ಒಂದು ಬ್ಯಾಕ್ಟೀರಿಯದೊಳಗೆ ಅದರ ಅಣುಗಳು ಇರುವುದು 10ರಿಂದ 20 ಮಾತ್ರ.

ಸಂಜಾರ್ ಅವರು ಟೆಕ್ಸಸ್ ರಾಜ್ಯದ ಡಲ್ಲಸ್ಸಿನಲ್ಲಿದ್ದ ಇದೇ ರೂಪರ್ಟ್ ಅವರ ಶಿಷ್ಯರಾದರು. ಅಣುಗಳು ಕಡಮೆಯಿದ್ದರೆ ಅವುಗಳನ್ನು ಹೆಚ್ಚಾಗಿ ಮಾಡಿಸಬೇಕು. ಹಾಗೆ ಮಾಡಿಸಬೇಕಾದರೆ ಆ ಕಿಣ್ವದ ಪಾಠ ಗ್ರಂಥದಲ್ಲಿ ಎಲ್ಲಿದೆಯೆಂದು ತಿಳಿಯಬೇಕು. ಅವರು ಹಿಡಿದ ದಾರಿ ಇದು. ಬ್ಯಾಕ್ಟೀರಿಯದ ಡಿ.ಎನ್.ಎ.ಯನ್ನು ಚೂರು ಚೂರು ಮಾಡಿ, ಒಂದೊಂದು ಚೂರನ್ನು ಈ ಕಿಣ್ವವೇ ಇಲ್ಲದ ಒಂದೊಂದು ದುರ್ಬಲ ಬ್ಯಾಕ್ಟೀರಿಯದೊಳಕ್ಕೆ ಸೇರಿಸುವುದು. ಆಮೇಲೆ ಎಲ್ಲಕ್ಕೂ ಮಾರಕ ಕಿರಣವನ್ನು ಹಾಯಿಸಿ, ಬೆಳಕಿನಲ್ಲಿಡುವುದು. ಯಾವುದು ಸಾಯದೆ ಉಳಿಯಿತೋ ಅದರೊಳಗೆ ಬೇಕಾದ ಚೂರು ಇದೆಯೆಂದು ಅರ್ಥ. ಅನ್ಯ ಜೀವಿಯ ಡಿ.ಎನ್.ಎ. ತುಣುಕನ್ನು ಹೀಗೆ ಕಸಿ ಮಾಡುವ ವಿದ್ಯೆ ಆಗಿನ್ನೂ ಹೊಸದು. 1976ರಲ್ಲಿ ಅವರಿಗೆ ಆ ಚೂರು ದೊರೆಯಿತು. ಬ್ಯಾಕ್ಟೀರಿಯಗಳು ಆ ಕಿಣ್ವವನ್ನು ಹೇರಳವಾಗಿ ತಯಾರಿಸಲಾರಂಭಿಸಿದವು. 1977ರಲ್ಲಿ ಡಾಕ್ಟರೇಟ್ ಪದವಿಯೂ ಬಂತು.

ಇಷ್ಟಾದ ಮೇಲೆ ಕೆಲಸಕ್ಕೆ ತೊಂದರೆಯೇನು ಎಂದು ನೀವು ಕೇಳಬಹುದು. ಸಂಶೋಧಕನ ಸ್ಥಾನಕ್ಕಾಗಿ ಮೂರು ಕಡೆ ಅರ್ಜಿ ಹಾಕಿದರು. ಮೂರು ಕಡೆಯಿಂದಲೂ ಇಲ್ಲವೆಂಬ ಉತ್ತರ ಬಂತು. ವೈದ್ಯ ಪದವಿಯ ಮೇಲೆ ಡಾಕ್ಟರೇಟ್ ಪಡೆದ ಆ ಮೂವತ್ತೊಂದು ವರ್ಷದ ಮನುಷ್ಯ ಯೇಲ್ ವಿಶ್ವವಿದ್ಯಾನಿಲಯದಲ್ಲಿ ಡೀನ್ ರಪ್ ಎಂಬವರ ಪ್ರಯೋಗಶಾಲೆಗೆ ಸಹಾಯಕನಾಗಿ, ಅಂದರೆ ಟೆಕ್ನೀಷಿಯನ್ ಆಗಿ ಸೇರಿಕೊಂಡರು. ಫೋಟೋಲಯೇಸನ್ನು ಮೂಲೆಗಿಡಬೇಕಾಯಿತು. ಪದವಿಗೆ ತಕ್ಕ ಕುರ್ಚಿ ಸಿಗಲಿಲ್ಲವೆಂದು ವಿದ್ಯೆಯನ್ನೇ ಬಿಟ್ಟವರನ್ನು ನಾವು ಕಂಡಿದ್ದೇವೆ. ಇವರು ಕುರ್ಚಿಯನ್ನು ನೋಡದೆ ಸಾಮಗ್ರಿಯನ್ನು ನೋಡಿದರು. ಯೇಲ್‌ನಲ್ಲಿ ಇನ್ನೊಂದು ರಿಪೇರಿಯ ವಿಚಾರವಾಗಿ 1960ರ ದಶಕದಿಂದಲೂ ಕೆಲಸ ನಡೆದಿತ್ತು. ಅದು ಬೆಳಕನ್ನು ಬೇಡದೆ ಕತ್ತಲಲ್ಲಿಯೇ ನಡೆಯತಕ್ಕ ರಿಪೇರಿ.

ಕತ್ತಲ ರಿಪೇರಿಗೆ ಮೂರು ಜೀನುಗಳು ಬೇಕೆಂಬುದು ಅಷ್ಟರಲ್ಲಿ ತಿಳಿದಿತ್ತು. ಯು.ವಿ.ಆರ್. ಎ, ಬಿ, ಸಿ ಎಂದು ಅವುಗಳ ಹೆಸರು. ಮೂರರಲ್ಲಿ ಯಾವುದೊಂದು ಕೆಟ್ಟರೂ ಬ್ಯಾಕ್ಟೀರಿಯ ಕಿರಣಕ್ಕೆ ಬಲಿಯಾಗುತ್ತಿತ್ತು. ಆದರೆ ಅವು ತಯಾರಿಸುವ ಪ್ರೋಟೀನುಗಳನ್ನು ಯಾರೂ ಕಂಡಿರಲಿಲ್ಲ. ಕೋಶದೊಳಗಿನ ಸಾವಿರಾರು ಪ್ರೋಟೀನುಗಳ ಸಂತೆಯಲ್ಲಿ ಈ ಮೂವರನ್ನು ಗುರುತಿಸುವುದು ಹೇಗೆ? ಸಂಜಾರ್ ಮಾಡಿದ ಯುಕ್ತಿಯನ್ನು ಕೇಳಿದರೆ ನೀವು ತಲೆದೂಗುವಿರಿ. ರಿಪೇರಿಯ ಶಕ್ತಿಯೇ ಇಲ್ಲದ ಬ್ಯಾಕ್ಟೀರಿಯವನ್ನು ತೆಗೆದುಕೊಂಡು, ಅದರೊಳಗೆ ತಮಗೆ ಬೇಕಾದ ಜೀನನ್ನು ಹೊತ್ತ ಪುಟ್ಟ ಡಿ.ಎನ್.ಎ. ಬಳೆಗಳನ್ನು ಸೇರಿಸಿದರು. ಅನಂತರ ಅತಿನೇರಿಳೆ ಕಿರಣವನ್ನು ಹಾಯಿಸಿದರು. ಬ್ಯಾಕ್ಟೀರಿಯದ ಸ್ವಂತ ಗ್ರಂಥ ಬಹು ಉದ್ದವಾದುದರಿಂದ ಅದಕ್ಕೆ ಎಲ್ಲಾದರೂ ಪೆಟ್ಟು ಬಿದ್ದೇ ಬೀಳುತ್ತದೆ. ರಿಪೇರಿಯಿಲ್ಲದೆ ಅದು ಚಿಂದಿಯಾಗುತ್ತದೆ. ಬಳೆಗಳು ಚಿಕ್ಕವು, ಸಂಖ್ಯೆಯಲ್ಲಿ ಹಲವು. ಕೆಲವಾದರೂ ಪೆಟ್ಟು ತಪ್ಪಿಸಿಕೊಳ್ಳುತ್ತವೆ. ಆ ಬಳಿಕ ಆ ಕೋಶದಲ್ಲಿ ಹೊಸದಾಗಿ ತಯಾರಾಗುವ ಪ್ರೋಟೀನೆಲ್ಲ ಬಳೆಯ ಪಾಠದಿಂದಲೇ ಬರಬೇಕು. ಸಂತೆ ಚದುರಿತು, ಬೇಕಾದವನು ಒಬ್ಬನೇ ನಿಂತ! 1979ರಲ್ಲಿ ಪ್ರಕಟವಾದ ಈ ವಿಧಾನಕ್ಕೆ ಮ್ಯಾಕ್ಸಿಸೆಲ್ ಎಂದು ಹೆಸರು ಬಂತು. ಬೇರೆ ಬೇರೆ ಪ್ರಯೋಗಶಾಲೆಗಳವರೂ ಅದನ್ನು ಬಳಸಿಕೊಂಡರು.

ಹೀಗೆ ಮೂರು ಪ್ರೋಟೀನುಗಳನ್ನೂ ಬೇರ್ಪಡಿಸಿ, ಶುದ್ಧಗೊಳಿಸಿ, ಗಾಜಿನ ನಳಿಗೆಯಲ್ಲಿ ಹಾನಿಗೊಂಡ ಡಿ.ಎನ್.ಎ.ಯೊಡನೆ ಕೂಡಿಸಿ ನೋಡಿದರು. 1983ರಲ್ಲಿ ಫಲಿತಾಂಶ ಪ್ರಕಟವಾಯಿತು. ಹಾನಿಯ ಪಕ್ಕದಲ್ಲಿ ಒಂದು ಕಡೆ ಕತ್ತರಿಸಿ, ಅಲ್ಲಿಂದ ಮೆಲ್ಲಮೆಲ್ಲನೆ ಕೊರೆಯುತ್ತ ಹೋಗುತ್ತದೆಂದು ಹಿಂದಿನವರು ಭಾವಿಸಿದ್ದರು. ನಡೆಯುತ್ತಿದ್ದುದು ಬೇರೆ. ಕತ್ತರಿ ಎರಡು ಕಡೆ ಬೀಳುತ್ತಿತ್ತು, ಬೆಸೆದ ಅಕ್ಷರಗಳ ಆಚೆಗೊಂದು, ಈಚೆಗೊಂದು. ನಡುವಿನ 12 ಅಥವಾ 13 ಅಕ್ಷರಗಳ ತುಂಡು ಹಾಗೆಯೇ ಹೊರಗೆ ಬರುತ್ತಿತ್ತು. ಖಾಲಿಯಾದ ಜಾಗದಲ್ಲಿ ಇನ್ನೊಂದು ಕಿಣ್ವ ಬಂದು, ಎದುರಿನ ಎಳೆಯನ್ನು ಮಾತೃಕೆಯಾಗಿಟ್ಟುಕೊಂಡು ಅಕ್ಷರ ತುಂಬುತ್ತದೆ. ಮತ್ತೊಂದು ಬಂದು ಅಂಚನ್ನು ಹೊಲಿಯುತ್ತದೆ. ನೋಡಿ, ಜೋಡಿ ಪ್ರತಿಯ ಪ್ರಯೋಜನ ಇಲ್ಲಿದೆ. ಎಳೆ ಒಂಟಿಯಾಗಿದ್ದರೆ ಕತ್ತರಿಸಿದವನಿಗೆ ಏನನ್ನು ತುಂಬಬೇಕೆಂದು ಹೇಗೆ ತಿಳಿದೀತು?

1982ರಲ್ಲಿ ಸಂಜಾರ್ ಅವರು ಉತ್ತರ ಕೆರೊಲಿನಾ ರಾಜ್ಯದ ಚಾಪೆಲ್ ಹಿಲ್ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕರಾದರು. ಡಲ್ಲಸ್ಸಿನಲ್ಲಿ ಪರಿಚಯವಾಗಿ ಕೈಹಿಡಿದ ಗ್ವೆನ್ ಬೋಲ್ಸ್ ಅವರೂ ಜೀವರಸಾಯನ ವಿಜ್ಞಾನಿಗಳೆ. ದಂಪತಿಗಳು ಇಬ್ಬರೂ ಅಲ್ಲಿಯೇ ನೆಲೆನಿಂತರು. ಮೂಲೆಗಿಟ್ಟಿದ್ದ ಫೋಟೋಲಯೇಸ್ ಪುನಃ ಮೇಜಿನ ಮೇಲೆ ಬಂತು. ಶುದ್ಧಗೊಳಿಸಿದಾಗ ಅದು ನೀಲಿ ಬಣ್ಣದ ದ್ರವವಾಗಿ ಕಂಡಿತು. ಅದರೊಳಗೆ ಬೆಳಕನ್ನು ಹಿಡಿಯುವ ಎರಡು ಸಣ್ಣ ಅಂಗಗಳಿವೆ. ಒಂದು ಬೆಳಕನ್ನು ಬಾಚಿ ಇನ್ನೊಂದಕ್ಕೆ ಕೊಡುತ್ತದೆ. ನಮ್ಮ ರೇಡಿಯೋದ ಏರಿಯಲ್ ಇದ್ದಂತೆ ಎಂದುಕೊಳ್ಳಿ. ಎರಡನೆಯದು ಒಂದು ಎಲೆಕ್ಟ್ರಾನನ್ನು ಬೆಸುಗೆಯ ಕಡೆಗೆ ದಾಟಿಸುತ್ತದೆ, ಬೆಸುಗೆ ಬಿಡುತ್ತದೆ, ಎಲೆಕ್ಟ್ರಾನು ಹಿಂದಕ್ಕೆ ಬರುತ್ತದೆ. ಇಷ್ಟೂ ಮುಗಿಯಲು ಹಿಡಿಯುವ ಕಾಲ ಸೆಕೆಂಡಿನ ಸುಮಾರು ನೂರು ಕೋಟಿಯಲ್ಲೊಂದು ಪಾಲು. ಒಹಾಯೋ ಸ್ಟೇಟ್ ವಿಶ್ವವಿದ್ಯಾನಿಲಯದವರ ಜೊತೆಗೂಡಿ 2005ರಲ್ಲಿ ಅವರು ಈ ಕ್ರಿಯೆಯನ್ನು ಅತಿ ವೇಗದ ಲೇಸರ್ ಬೆಳಕಿನಿಂದ ನೇರವಾಗಿ ಹಿಂಬಾಲಿಸಿ ತೋರಿಸಿದರು.

ಇದೆಲ್ಲ ಬ್ಯಾಕ್ಟೀರಿಯದ ಮಾತಾಯಿತು, ನಮ್ಮ ಗತಿಯೇನು? ಈ ಪ್ರಶ್ನೆ ಕೆಲವರ ಮಟ್ಟಿಗೆ ಪ್ರಾಣದ ಪ್ರಶ್ನೆ. ಕ್ಸೀರೋಡರ್ಮ ಪಿಗ್ಮೆಂಟೋಸಮ್ ಎಂಬ ಒಂದು ವಂಶಪರಂಪರೆಯ ರೋಗವುಂಟು. ವಿಯೆನ್ನದ ಚರ್ಮವೈದ್ಯರು 19ನೆಯ ಶತಮಾನದಲ್ಲಿಯೇ ಅದನ್ನು ವರ್ಣಿಸಿದ್ದರು. ಇಂಥ ಮಗುವನ್ನು ಬಿಸಿಲಿಗೆ ಕರೆದುಕೊಂಡು ಹೋಗುವಂತಿಲ್ಲ. ಮೈ ತುಂಬ ಕಲೆ, ಒಣಗಿದ ಚರ್ಮ, ಎಳೆಯ ವಯಸ್ಸಿನಲ್ಲಿಯೇ ಒಂದಾದ ಮೇಲೊಂದು ಚರ್ಮದ ಕ್ಯಾನ್ಸರು. ಬೇರೆ ಮಕ್ಕಳು ಬಯಲಿನಲ್ಲಿ ಆಡುವಾಗ ಈ ಮಗು ಪರದೆ ಎಳೆದ ಕೋಣೆಯಲ್ಲಿ ಕುಳಿತಿರಬೇಕು. ಯಾರ ಪಾಪವೋ, ಯಾವ ಜನ್ಮದ ಕರ್ಮವೋ ಎಂದು ಹೆತ್ತವರು ಕೊರಗಿದ್ದುಂಟು. 1968ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಜೇಮ್ಸ್ ಕ್ಲೀವರ್ ಕಾರಣವನ್ನು ತೋರಿಸಿದರು: ಈ ರೋಗಿಗಳ ಕೋಶಗಳು ಅತಿನೇರಿಳೆ ಕಿರಣದಿಂದಾದ ಹಾನಿಯನ್ನು ರಿಪೇರಿ ಮಾಡಲಾರವು. ಉಳಿದವರಲ್ಲಿ ದಿನವೂ ಸದ್ದಿಲ್ಲದೆ ನಡೆಯುವ ಕೆಲಸ ಅವರಲ್ಲಿ ನಿಂತಿದೆ, ಅಷ್ಟೆ.

ಹಾಗಾದರೆ ಆ ಕೆಲಸವು ಮನುಷ್ಯನಲ್ಲಿ ನಡೆಯುವ ಬಗೆ ಹೇಗೆ? 1992ರಲ್ಲಿ ಸಂಜಾರ್ ಅವರ ತಂಡ ಅದನ್ನು ಹೇಳಿತು. ಇಲ್ಲಿಯೂ ಕತ್ತರಿ ಎರಡು ಕಡೆಯೇ ಬೀಳುತ್ತದೆ. ಹೊರಬರುವ ತುಂಡು ಮಾತ್ರ ದೊಡ್ಡದು, 27ರಿಂದ 29 ಅಕ್ಷರಗಳಷ್ಟು. ಬ್ಯಾಕ್ಟೀರಿಯದಲ್ಲಿ ಮೂರೇ ಪ್ರೋಟೀನು ಮಾಡುವ ಕೆಲಸಕ್ಕೆ ನಮ್ಮಲ್ಲಿ ಹದಿನೈದರಷ್ಟು ಆಳುಗಳು ಬೇಕು. ಅವರಲ್ಲಿ ಹಲವರ ಹೆಸರನ್ನು ಈ ರೋಗದ ಹೆಸರಿನಿಂದಲೇ ಎಕ್ಸ್.ಪಿ.ಎ., ಎಕ್ಸ್.ಪಿ.ಸಿ. ಎಂದು ಮುಂತಾಗಿ ಇಟ್ಟಿದ್ದಾರೆ. ಈ ಆಳು ಬರದಿದ್ದರೆ ಈ ಬಗೆಯ ರೋಗ ಎಂದು ಹೊಂದಿಸಿ ನೋಡಲು ಸಾಧ್ಯವಾಯಿತು. ರೋಗವನ್ನು ಬುಡಸಹಿತ ಕೀಳುವ ಮದ್ದು ಇನ್ನೂ ಬಂದಿಲ್ಲ. ಬಿಸಿಲಿನಿಂದ ಕಾಪಾಡುವುದೇ ಮುಖ್ಯ ಪಥ್ಯ. ಆದರೂ ಕಾರಣವನ್ನು ಬಲ್ಲ ತಾಯಿ ತನ್ನ ಮಗುವನ್ನು ಹುಟ್ಟಿದ ಮೊದಲ ವರ್ಷದಿಂದಲೇ ಕಾಯಬಲ್ಲಳು.

ಇನ್ನು ಬೆಳಕಿನ ಕಿಣ್ವ ಫೋಟೋಲಯೇಸ್ ನಮ್ಮಲ್ಲಿದೆಯೆ? ಇಲ್ಲ. ಕಪ್ಪೆಗೆ ಇದೆ, ಮೀನಿಗೆ ಇದೆ, ಕಾಂಗರೂವಿನ ಬಳಗಕ್ಕೂ ಇದೆ. ಮನುಷ್ಯನಿಗಿಲ್ಲವೆಂದು ಸಂಜಾರ್ ಅವರೇ 1993ರಲ್ಲಿ ವರದಿ ಮಾಡಿದರು. ಕೆಲಕಾಲದಲ್ಲಿಯೇ ಮನುಷ್ಯನ ಜೀನುಗಳಲ್ಲಿ ಅದನ್ನೇ ಹೋಲುವ ಪಾಠವೊಂದು ಕಂಡುಬಂದಾಗ ಅವರು ಬೆರಗಾದರು. ಪರೀಕ್ಷಿಸಿದರೆ ಅದು ರಿಪೇರಿಯನ್ನೇ ಮಾಡದು. ಮತ್ತೇಕಿದೆ? ತುರ್ಕಿಯಿಂದ ಹಿಂದಿರುಗುವಾಗ ವಿಮಾನದಲ್ಲಿದ್ದ ಪತ್ರಿಕೆಯೊಂದರಲ್ಲಿ, ದೂರಪ್ರಯಾಣದಿಂದ ನಿದ್ರೆಯ ಹೊತ್ತು ಕೆಡುವುದನ್ನು ಕುರಿತ ಲೇಖನವನ್ನು ಓದುತ್ತಿದ್ದಾಗ, ಇದು ಶರೀರದೊಳಗಿನ ಗಡಿಯಾರಕ್ಕೆ ಸೇರಿದ ಪ್ರೋಟೀನಿರಬಹುದೆಂದು ಅವರಿಗೆ ಹೊಳೆಯಿತು. ಇಲಿಗಳ ಮೇಲೆ ನಡೆದ ಪ್ರಯೋಗಗಳಿಂದ ಆ ಊಹೆ ನಿಜವಾಯಿತು. ಕ್ರಿಪ್ಟೋಕ್ರೋಮ್ ಎಂದು ಹೆಸರಾದ ಈ ಪ್ರೋಟೀನು ನಮಗೆ ಹಗಲು ಎಚ್ಚರ, ಇರುಳು ನಿದ್ರೆ ತರುವ ಗಡಿಯಾರದ ಒಂದು ಚಕ್ರ. ಪತ್ರಿಕೆಯ ಲೇಖನಗಳನ್ನು ಹೊತ್ತು ಕಳೆಯಲು ಓದುವವರು ಇದನ್ನು ನೆನಪಿಟ್ಟುಕೊಳ್ಳಲಿ!

ಈ ಗಡಿಯಾರಕ್ಕೂ ರಿಪೇರಿಗೂ ನಂಟಿದೆಯೆಂಬುದು ಇನ್ನೂ ಸ್ವಾರಸ್ಯದ ಸಂಗತಿ. ಎಕ್ಸ್.ಪಿ.ಎ. ಎಂಬ ಆಳು ದಿನವೆಲ್ಲ ಒಂದೇ ಪ್ರಮಾಣದಲ್ಲಿ ಹಾಜರಿರುವುದಿಲ್ಲ, ಹೊತ್ತಿಗೊಂದು ಲೆಕ್ಕ. 2011ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಕೆಲವು ಇಲಿಗಳಿಗೆ ಬೆಳಗಿನ ಜಾವ 4 ಗಂಟೆಗೂ ಮತ್ತೆ ಕೆಲವಕ್ಕೆ ಸಂಜೆ 4 ಗಂಟೆಗೂ ಅತಿನೇರಿಳೆ ಕಿರಣವನ್ನು ಹಾಯಿಸಿದರು. ಜಾವದ ಇಲಿಗಳಲ್ಲಿ ಚರ್ಮದ ಗಂತಿಗಳು ಸಂಜೆಯವಕ್ಕಿಂತ ಐದು ಪಟ್ಟು ಹೆಚ್ಚಾದವು. ಇಲಿ ಇರುಳಿನ ಪ್ರಾಣಿ, ನಾವು ಹಗಲಿನವರು. ಆದುದರಿಂದ ನಮ್ಮಲ್ಲಿ ಲೆಕ್ಕ ತಿರುಗುಮುರುಗಾಗಿ, ಸಂಜೆಗಿಂತ ಬೆಳಗಿನ ಬಿಸಿಲು ಕಡಮೆ ಕೇಡಿನದಾಗಬಹುದೆಂದು ಅವರು ಊಹಿಸಿದರು. ಊಹೆಯನ್ನು ನಂಬಿ ಯಾರೂ ಬಿಸಿಲು ಕಾಯಿಸಬೇಕಾಗಿಲ್ಲ, ಅದು ಮನುಷ್ಯರಲ್ಲಿ ಸಿದ್ಧವಾಗಬೇಕಾದ ಮಾತು.

ವೈದ್ಯರಿಗೆ ಇದರಲ್ಲಿ ಬೇರೆ ಆಸೆಯಿದೆ. ಸಿಸ್‌ಪ್ಲಾಟಿನ್ ಎಂಬ ಕ್ಯಾನ್ಸರಿನ ಔಷಧವನ್ನು ಮನೆಯಲ್ಲಿ ಯಾರಿಗಾದರೂ ಕೊಡಿಸಿದವರು ಬಲ್ಲರು, ಅದು ರೋಗಿಯನ್ನು ಎಷ್ಟು ಬಳಲಿಸುತ್ತದೆಂದು. ಆ ಔಷಧ ಮಾಡುವುದೂ ಡಿ.ಎನ್.ಎ.ಗೆ ಹಾನಿಯನ್ನೆ. ಕ್ಯಾನ್ಸರಿನ ಕೋಶವು ಹಾನಿಯನ್ನು ರಿಪೇರಿ ಮಾಡಿಕೊಂಡುಬಿಟ್ಟರೆ ಔಷಧ ವ್ಯರ್ಥ. ಆರೋಗ್ಯವಾದ ಕೋಶ ರಿಪೇರಿ ಮಾಡಿಕೊಳ್ಳದಿದ್ದರೆ ರೋಗಿಗೆ ಸಂಕಟ. ನಮ್ಮನ್ನು ಕಾಯುವ ಕೆಲಸಗಾರನೇ ಇಲ್ಲಿ ಶತ್ರುವನ್ನೂ ಕಾಯುತ್ತಾನೆ. ಯಾವ ಅಂಗದಲ್ಲಿ, ಯಾವ ಹೊತ್ತಿನಲ್ಲಿ, ಗ್ರಂಥದ ಯಾವ ಪುಟದಲ್ಲಿ ರಿಪೇರಿ ಚುರುಕಾಗಿರುತ್ತದೆಂದು ತಿಳಿದರೆ ಔಷಧಕ್ಕೆ ತಕ್ಕ ಹೊತ್ತನ್ನು ಗೊತ್ತುಮಾಡಬಹುದಲ್ಲವೆ? ಇದಕ್ಕಾಗಿ 2015ರಿಂದ ಈಚೆಗೆ ಸಂಜಾರ್ ಅವರ ತಂಡ ಇಡೀ ಮಾನವ ಜೀವಗ್ರಂಥದ ರಿಪೇರಿ ನಕ್ಷೆಗಳನ್ನು ತಯಾರಿಸಿತು. ಕತ್ತರಿಸಿ ಹೊರಗೆ ಹಾಕಿದ ಆ ಪುಟ್ಟ ತುಂಡುಗಳನ್ನೇ ಆಯ್ದು, ಓದಿ, ಯಾವ ಪುಟದಿಂದ ಬಂದವೆಂದು ಗುರುತಿಸಿದ ನಕ್ಷೆಗಳು ಅವು.

2015ರ ರಸಾಯನಶಾಸ್ತ್ರದ ನೊಬೆಲ್ ಬಹುಮಾನ ಡಿ.ಎನ್.ಎ. ರಿಪೇರಿಯ ಸಂಶೋಧನೆಗಾಗಿ ಮೂವರಿಗೆ ಬಂತು. ಒಬ್ಬರು ಸ್ವೀಡನ್ನಿನ ಟೋಮಸ್ ಲಿಂಡಾಲ್. ತಾವಾಗಿಯೇ ಕೆಡುವ ಒಂಟಿ ಅಕ್ಷರಗಳನ್ನು ಕೋಶವು ತೆಗೆದುಹಾಕುವ ಬಗೆಯನ್ನು ಕಂಡವರು. ಇನ್ನೊಬ್ಬರು ಅಮೆರಿಕದ ಪಾಲ್ ಮಾಡ್ರಿಚ್. ಪ್ರತಿ ಮಾಡುವಾಗ ಬೀಳುವ ತಪ್ಪುಗಳನ್ನು ಕೋಶವು ಕರಡು ತಿದ್ದುವಂತೆ ತಿದ್ದುತ್ತದೆಂದು ತೋರಿಸಿದವರು. ಮಾಡ್ರಿಚ್ ಅವರ ತಂದೆ ಹೈಸ್ಕೂಲಿನ ಜೀವಶಾಸ್ತ್ರದ ಉಪಾಧ್ಯಾಯರು, ಈ ಡಿ.ಎನ್.ಎ. ವಿಚಾರವನ್ನು ಕಲಿತುಕೋ ಎಂದು 1963ರಲ್ಲಿ ಮಗನಿಗೆ ಹೇಳಿದವರು ಅವರೆ. ಹೈಸ್ಕೂಲು ಮೇಷ್ಟ್ರುಗಳ ಮಾತನ್ನು ಮಕ್ಕಳು ಕೇಳಿದ್ದಕ್ಕೆ ಸ್ಟಾಕ್‌ಹೋಮಿನಲ್ಲಿ ಒಂದು ದಾಖಲೆ ಉಳಿಯಿತೆಂಬುದು ಈ ವೃತ್ತಿಯವನಾದ ನನಗೆ ಸಣ್ಣ ಸಂತೋಷವಲ್ಲ.

ಮೂರನೆಯವರು ಸಂಜಾರ್. ಓದುಬರಹ ಬಾರದ ತಂದೆತಾಯಿಗಳ ಮಗ ಶಾಲೆಯ ಮೆಟ್ಟಿಲು ಹತ್ತಿದುದು ಕೆಮಾಲ್ ಅತಾತುರ್ಕ್ ಕಟ್ಟಿದ ಗಣರಾಜ್ಯದ ವಿದ್ಯಾಭ್ಯಾಸದ ವ್ಯವಸ್ಥೆಯಿಂದ ಎಂದು ಅವರು ಅನೇಕ ಸಲ ಹೇಳಿದ್ದಾರೆ. ಬಹುಮಾನದ ಪದಕವನ್ನು ಅವರು ತಮ್ಮ ಮನೆಯಲ್ಲಿಟ್ಟುಕೊಳ್ಳಲಿಲ್ಲ. 2016ರ ಮೇ 19ರಂದು ಅಂಕಾರಾಕ್ಕೆ ಹೋಗಿ, ಅತಾತುರ್ಕ್ ಸಮಾಧಿಮಂದಿರಕ್ಕೆ ಅದನ್ನು ಒಪ್ಪಿಸಿ, ಚಾಪೆಲ್ ಹಿಲ್ಲಿನ ತಮ್ಮ ಪ್ರಯೋಗಶಾಲೆಗೆ ಮರಳಿದರು.